ಡಿಶ್‌ವಾಷರ್: ಕಂಪನಿ ಕೇಳುವ ಮೊದಲು ನೀರು, ಕರೆಂಟು, ಮೆಕ್ಯಾನಿಕ್ ಕೇಳಿ

ಪಾತ್ರೆ ತೊಳೆಯುವ ಮಷಿನ್ ತರುವ ಮಾತು ಮನೆಯಲ್ಲಿ ಬಂದರೆ ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: "ಯಾವ ಕಂಪನಿಯದು ಬಾಳಿಕೆ ಬರುತ್ತೆ?" ಯೂಟ್ಯೂಬಿನಲ್ಲಿ ಇದಕ್ಕೆ ನೂರು ಉತ್ತರ ಇವೆ. ಆದರೆ ಆ ವಿಡಿಯೊಗಳನ್ನು ಮಾಡಿದವರಲ್ಲಿ ಹೆಚ್ಚಿನವರು ನಗರದ ಫ್ಲ್ಯಾಟುಗಳಲ್ಲಿ ಇರುವವರು. ಅವರ ನಲ್ಲಿ ನೀರು ಬೇರೆ, ಅವರ ಕರೆಂಟು ಬೇರೆ. ಫೋನ್ ಮಾಡಿದರೆ ಮರುದಿನ ಬಾಗಿಲಿಗೆ ಬರುವ ಮೆಕ್ಯಾನಿಕ್ ಅವರಿಗಿದ್ದಾನೆ.

ನಮ್ಮ ಹಳ್ಳಿಗಳಲ್ಲಿ ಡಿಶ್‌ವಾಷರ್ ಹತ್ತು ವರ್ಷ ಬಾಳುತ್ತದೋ ಮೂರೇ ವರ್ಷಕ್ಕೆ ಮೂಲೆ ಸೇರುತ್ತದೋ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ನಮ್ಮ ಬೋರ್‌ವೆಲ್ ನೀರು, ನಮ್ಮ ಟ್ರಾನ್ಸ್‌ಫಾರ್ಮರ್ ಮತ್ತು ರಿಪೇರಿಯವನ ಊರಿಗೂ ನಮ್ಮ ಊರಿಗೂ ಇರುವ ದೂರ. ಕಂಪನಿಯ ಹೆಸರು ಆಮೇಲಿನ ಮಾತು. ಅಂಗಡಿಗೆ ಹೋಗುವ ಮೊದಲೇ ಈ ಮೂರನ್ನು ನೋಡಬೇಕು ಎಂಬುದು ನನ್ನ ವಾದ.

ಇದು ಶೋಕಿಯಾ?

"ಎರಡು ಪಾತ್ರೆ ತೊಳೆಯೋಕೆ ಮಷಿನ್ ಬೇಕಾ?" ಎಂದು ಕೇಳುವವರಿದ್ದಾರೆ. ಹೀಗೆ ಕೇಳುವವರು ಸಾಮಾನ್ಯವಾಗಿ ಪಾತ್ರೆ ತೊಳೆಯುವವರಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅದೂ ಆ ಕೆಲಸ ಮಾಡುವ ಗಂಡಸರ ಲೆಕ್ಕ. ಕೈಯೇ ಹಾಕದವರು ಇದರಲ್ಲಿ ಸೇರಿಲ್ಲ.

ಹಳ್ಳಿಮನೆಯ ಮುಸುರೆ ಎಂದರೆ ಎರಡು ತಟ್ಟೆ, ಎರಡು ಲೋಟ ಅಲ್ಲ. ಹಾಲಿನ ಕ್ಯಾನು, ತಳ ಹಿಡಿದ ತಪ್ಪಲೆ, ಮುದ್ದೆ ಮಾಡಿದ ಪಾತ್ರೆ, ಕೆಲಸದ ಆಳುಗಳಿಗೆ ಊಟ ಹಾಕಿದ ತಟ್ಟೆಗಳು, ಹಬ್ಬದ ದಿನ ಬಂದ ನೆಂಟರ ಎಲ್ಲ ಪಾತ್ರೆ. ಇವನ್ನೆಲ್ಲ ಹಿತ್ತಿಲ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಉಜ್ಜಬೇಕು, ಮಳೆಗಾಲವಾದರೂ ಸರಿ, ಚಳಿಗಾಲವಾದರೂ ಸರಿ. ಹೊಲ ಉಳಲು ಟ್ರ್ಯಾಕ್ಟರ್ ಬಂದಾಗ ಅದನ್ನು ಯಾರೂ ಶೋಕಿ ಎನ್ನಲಿಲ್ಲ. ಅಡುಗೆಮನೆಗೆ ಮಷಿನ್ ಬರುವಾಗ ಮಾತ್ರ ಆ ಮಾತು ಏಕೆ ಬರುತ್ತದೆ ಎಂದು ಯೋಚಿಸಿ.

ಒಂದು ಹಳೆಯ ಸಂಗತಿ ಇಲ್ಲಿ ಹೇಳಬೇಕು. ಕೆಲಸಕ್ಕೆ ಬರುವ ಮೊದಲ ಡಿಶ್‌ವಾಷರ್ ಮಾಡಿದವರು ಅಮೆರಿಕದ ಜೋಸೆಫೀನ್ ಕಾಕ್ರೇನ್ ಎಂಬ ಹೆಣ್ಣುಮಗಳು. 1886ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. 1893ರ ಶಿಕಾಗೊ ವಸ್ತುಪ್ರದರ್ಶನದಲ್ಲಿ ಮಷಿನ್ ಹೆಸರು ಮಾಡಿತು. ಆದರೆ ಕೊಂಡವರು ಹೋಟೆಲಿನವರು. ಮನೆಗಳಿಗೆ ಅದು ಬರಲು ದಶಕಗಳೇ ಹಿಡಿದವು. ಅದಕ್ಕೆ ಒಂದು ಕಾರಣ, ಆ ಕಾಲದ ಮನೆಗಳಲ್ಲಿ ಮಷಿನ್ನಿಗೆ ಬೇಕಾದಷ್ಟು ಬಿಸಿನೀರು ಇರಲಿಲ್ಲ. ಮಷಿನ್ ಚೆನ್ನಾಗಿದ್ದರೆ ಸಾಲದು, ಮನೆಯೂ ಅದಕ್ಕೆ ಸಿದ್ಧವಾಗಿರಬೇಕು. ನೂರು ವರ್ಷದ ಮೇಲೂ ಈ ಮಾತು ಹಾಗೆಯೇ ಇದೆ.

ಬಾಳಿಕೆಯ ಲೆಕ್ಕ

ಮಷಿನ್ನಿಗೆ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಹತ್ತು ವರ್ಷ ಬಾಳಿದರೆ ದಿನಕ್ಕೆ 11 ರೂಪಾಯಿ ಬೀಳುತ್ತದೆ. ಮೂರೇ ವರ್ಷಕ್ಕೆ ನಿಂತರೆ ದಿನಕ್ಕೆ 36 ರೂಪಾಯಿಗೂ ಹೆಚ್ಚು. ಡಿಟರ್ಜೆಂಟ್, ಉಪ್ಪು, ಕರೆಂಟು ಇದರ ಮೇಲೆ.

ದುಡ್ಡಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಟಿ.ವಿ. ಕೆಟ್ಟರೆ ಯಾರ ಸೊಂಟವೂ ನೋಯುವುದಿಲ್ಲ. ಡಿಶ್‌ವಾಷರ್ ಕೆಟ್ಟರೆ ಅವತ್ತು ರಾತ್ರಿಯ ಪಾತ್ರೆಗಳು ನೇರವಾಗಿ ಒಬ್ಬಳ ಕೈಗೆ ವಾಪಸ್ ಬರುತ್ತವೆ. ಜೊತೆಗೆ "ಅಷ್ಟು ದುಡ್ಡು ಸುರಿದು ಏನು ಬಂತು?" ಎಂಬ ಮಾತನ್ನೂ ಅವಳೇ ಕೇಳಬೇಕು. ಮುಂದೆ ಆ ಮನೆಯಲ್ಲಿ ಅವಳಿಗಾಗಿ ಮತ್ತೊಂದು ವಸ್ತು ಕೊಳ್ಳುವ ಮಾತು ಏಳುವುದೇ ಇಲ್ಲ. ಅದಕ್ಕೇ ಆರಿಸುವಾಗ ಎಚ್ಚರ ಬೇಕು.

ಮೊದಲನೆಯದು ನೀರು

ನಿಮ್ಮ ಹಂಡೆಯ ತಳ ನೋಡಿ. ಬಿಳಿ ಸುಣ್ಣದಂಥ ಪದರ ಕಟ್ಟಿದೆಯೇ? ಸೋಪು ಸರಿಯಾಗಿ ನೊರೆ ಬರುವುದಿಲ್ಲವೇ? ಹಾಗಿದ್ದರೆ ನಿಮ್ಮದು ಗಡಸು ನೀರು. ಇದೇ ಪದರ ಮಷಿನ್ನಿನ ಹೀಟರ್ ಮೇಲೂ, ನೀರು ಚಿಮ್ಮುವ ಸಣ್ಣ ತೂತುಗಳಲ್ಲೂ ಕಟ್ಟುತ್ತದೆ. ತೂತು ಕಟ್ಟಿದರೆ ಪಾತ್ರೆ ಸ್ವಚ್ಛ ಆಗುವುದಿಲ್ಲ. ಹೀಟರ್ ಮೇಲೆ ಸುಣ್ಣ ಕೂತರೆ ನೀರು ಬೇಗ ಕಾಯುವುದಿಲ್ಲ, ಕರೆಂಟು ಹೆಚ್ಚು ಎಳೆಯುತ್ತದೆ, ಕೊನೆಗೆ ಹೀಟರೇ ಸುಡುತ್ತದೆ.

ಕರಾವಳಿಯ ಕೆಂಪುಕಲ್ಲಿನ ಬಾವಿಯ ನೀರು ಸಾಮಾನ್ಯವಾಗಿ ಮೆದು. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಆಳದ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಒಂದೇ ಕಂಪನಿಯ ಒಂದೇ ಮಷಿನ್ನನ್ನು ಪುತ್ತೂರಿನಲ್ಲೊಂದು, ಪಾವಗಡದಲ್ಲೊಂದು ಇಟ್ಟರೆ ಎರಡರ ಆಯಸ್ಸು ಒಂದೇ ಆಗಲು ಸಾಧ್ಯವಿಲ್ಲ. ಆದ್ದರಿಂದ ನೆಂಟರ ಮನೆಯಲ್ಲಿ ಚೆನ್ನಾಗಿ ಓಡುತ್ತಿದೆ ಎಂಬ ಒಂದೇ ಕಾರಣಕ್ಕೆ ಅದೇ ಮಾದರಿಯನ್ನು ತರಬೇಡಿ.

ನೀರು ಎಷ್ಟು ಗಡಸು ಎಂದು ತಿಳಿಯುವುದು ಕಷ್ಟವಲ್ಲ. ಜಲ ಜೀವನ್ ಮಿಷನ್ ಅಡಿಯಲ್ಲಿ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ. ಪ್ರತಿ ಹಳ್ಳಿಯಲ್ಲಿ ಐವರು ಹೆಣ್ಣುಮಕ್ಕಳಿಗೆ ಅದನ್ನು ಬಳಸುವ ತರಬೇತಿ ಕೊಡಬೇಕು ಎಂಬುದು ಯೋಜನೆಯಲ್ಲೇ ಇದೆ. ಗಡಸುತನವೂ ಆ ಕಿಟ್ಟಿನಲ್ಲಿ ಗೊತ್ತಾಗುತ್ತದೆ. ಪಂಚಾಯಿತಿಗೆ ಹೋಗಿ ಕೇಳಿ, ಅದು ನಿಮ್ಮ ಹಕ್ಕು. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ.

ಈ ಅಂಕಿ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ ಎರಡು ಪ್ರಶ್ನೆ ಕೇಳಿ. ಒಂದು, ಮಷಿನ್ನಿನ ಒಳಗೇ ನೀರು ಮೆದು ಮಾಡುವ ಸಾಫ್ಟ್‌ನರ್ ಇದೆಯೇ? ಕೆಲವು ಸಣ್ಣ ಮಾದರಿಗಳಲ್ಲಿ ಇರುವುದಿಲ್ಲ. ಗಡಸು ನೀರಿನ ಊರಿಗೆ ಅಂಥದ್ದು ಬೇಡವೇ ಬೇಡ. ಎರಡು, ಆ ಸಾಫ್ಟ್‌ನರ್ ಎಷ್ಟು ಗಡಸು ನೀರಿನ ತನಕ ತಡೆಯುತ್ತದೆ? ಕೆಲವು ಕೈಪಿಡಿಗಳಲ್ಲಿ ಇದು ಜರ್ಮನ್ ಡಿಗ್ರಿಯಲ್ಲಿ ಇರುತ್ತದೆ. ಒಂದು ಡಿಗ್ರಿ ಎಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ. ನಿಮ್ಮ ನೀರು 540 ಇದ್ದರೆ ಅದು 30 ಡಿಗ್ರಿ.

ಸಾಫ್ಟ್‌ನರ್ ಕೆಲಸ ಮಾಡಲು ಉಪ್ಪು ಬೇಕು. ಡಿಶ್‌ವಾಷರಿಗೆಂದೇ ಸಿಗುವ ಉಪ್ಪು ಹಾಕಿ. ಅಡುಗೆಯ ಪುಡಿ ಉಪ್ಪು ಹಾಕಿದರೆ ಸಾಫ್ಟ್‌ನರ್ ಹಾಳಾಗುತ್ತದೆ. ಉಪ್ಪಿನ ಜಾಗಕ್ಕೆ ತಪ್ಪಿ ಡಿಟರ್ಜೆಂಟ್ ಬಿದ್ದರೂ ಅಷ್ಟೇ. ಇನ್ನೊಂದು ಮಾತು: ಸಾಫ್ಟ್‌ನರ್ ತೆಗೆಯುವುದು ಸುಣ್ಣದ ಅಂಶವನ್ನು ಮಾತ್ರ. ನೀರೇ ಉಪ್ಪುಪ್ಪಾಗಿದ್ದರೆ ಆ ಉಪ್ಪು ಉಳಿಯುತ್ತದೆ, ಸ್ಟೀಲನ್ನೂ ನಿಧಾನವಾಗಿ ತಿನ್ನುತ್ತದೆ. ಬಾಯಿಗೆ ಇಡಲಾಗದಷ್ಟು ಸವುಳು ನೀರಿನ ಊರಿನವರು ಡಿಶ್‌ವಾಷರಿನ ಆಸೆ ಸದ್ಯಕ್ಕೆ ಬಿಡುವುದೇ ವಾಸಿ.

ಟ್ಯಾಂಕ್ ಎಷ್ಟು ಎತ್ತರದಲ್ಲಿದೆ?

ನೀರಿನ ಗುಣದ ಜೊತೆ ಅದರ ರಭಸವನ್ನೂ ನೋಡಬೇಕು. ಬಹಳಷ್ಟು ಮಷಿನ್‌ಗಳು ಕನಿಷ್ಠ 0.3 ಅಥವಾ 0.5 ಬಾರ್ ಒತ್ತಡ ಕೇಳುತ್ತವೆ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್. ಅಂದರೆ 0.3ಕ್ಕೆ ಮೂರು ಮೀಟರ್, 0.5ಕ್ಕೆ ಐದು ಮೀಟರ್.

ಒಂದಂತಸ್ತಿನ ಆರ್‌ಸಿಸಿ ಮನೆಯ ಮೇಲೆ, ಮೂರಡಿ ಕಟ್ಟೆಯ ಮೇಲೆ ಟ್ಯಾಂಕ್ ಇದೆ ಎನ್ನಿ. ನೆಲದಿಂದ ಟ್ಯಾಂಕಿನ ತಳಕ್ಕೆ ಸುಮಾರು 13 ಅಡಿ. ಮಷಿನ್ನಿನ ನಲ್ಲಿ ಎರಡಡಿ ಎತ್ತರದಲ್ಲಿದ್ದರೆ ಉಳಿಯುವುದು 11 ಅಡಿ, ಅಂದರೆ ಮೂರು ಮೀಟರಿಗೆ ಸ್ವಲ್ಪ ಹೆಚ್ಚು. 0.3 ಕೇಳುವ ಮಷಿನ್ ಹೇಗೋ ನಡೆಯುತ್ತದೆ, 0.5 ಕೇಳುವುದು ನಡೆಯುವುದಿಲ್ಲ. ನೀರು ಸಾಕಷ್ಟು ಬರದಿದ್ದರೆ ಮಷಿನ್ ಅರ್ಧದಲ್ಲೇ ನಿಂತು ಎರರ್ ತೋರಿಸುತ್ತದೆ, ನಾವು ಕಂಪನಿಯನ್ನು ಬೈಯುತ್ತೇವೆ. ಟೇಪು ಹಿಡಿದು ಅಳೆಯಲು ಐದು ನಿಮಿಷ ಸಾಕು.

ನೀರು ಎಷ್ಟು ಖರ್ಚಾಗುತ್ತದೆ ಎಂಬ ಚಿಂತೆ ಬೇಡ. ಈಗಿನ ಮಷಿನ್‌ಗಳು ಒಂದು ಸಲಕ್ಕೆ ಸುಮಾರು ಹತ್ತು ಹನ್ನೆರಡು ಲೀಟರಿನಲ್ಲಿ ಮುಗಿಸುತ್ತವೆ. ಅದು ಸ್ನಾನದ ಒಂದು ಬಕೆಟ್ಟಿಗಿಂತ ಕಡಿಮೆ. ನಲ್ಲಿ ಬಿಟ್ಟುಕೊಂಡು ಕೈಯಲ್ಲಿ ಅಷ್ಟೇ ಪಾತ್ರೆ ತೊಳೆದರೆ ಇದಕ್ಕಿಂತ ಹೆಚ್ಚು ಹೋಗುತ್ತದೆ.

ಎರಡನೆಯದು ಕರೆಂಟು

ಡಿಶ್‌ವಾಷರ್ ನೀರನ್ನು ತಾನೇ ಕಾಯಿಸಿಕೊಳ್ಳುತ್ತದೆ. ಅದರ ಹೀಟರ್ ಸುಮಾರು 2,000 ವ್ಯಾಟ್. ಮಿಕ್ಸಿಯ ಸಣ್ಣ ಪ್ಲಗ್ಗಿಗೆ ಹಾಕುವ ವಸ್ತು ಇದಲ್ಲ. 16 ಆಂಪಿಯರಿನ ದೊಡ್ಡ ಸಾಕೆಟ್, ಸರಿಯಾದ ಅರ್ಥಿಂಗ್ ಬೇಕು. ನೀರು, ಕರೆಂಟು ಎರಡೂ ಸೇರುವ ಮಷಿನ್ ಇದು, ಅರ್ಥಿಂಗ್ ಇಲ್ಲದೆ ಓಡಿಸುವುದು ಜೀವದ ಜೊತೆ ಆಟ. ಮನೆಯ ಯುಪಿಎಸ್ ಮೇಲೆ ಇದು ನಡೆಯುವುದಿಲ್ಲ.

ಇನ್ನು ವೋಲ್ಟೇಜ್. ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದಾಗ ಬಲ್ಬು ಮಂಕಾಗುವ ಊರುಗಳು ಎಷ್ಟೋ ಇವೆ. ತೋಟದ ಮನೆಗಳ ಪಾಡಂತೂ ಹೇಳುವುದೇ ಬೇಡ. ಇಂಥ ಏರಿಳಿತಕ್ಕೆ ಮೊದಲು ಬಲಿಯಾಗುವುದು ಮಷಿನ್ನಿನ ಎಲೆಕ್ಟ್ರಾನಿಕ್ ಬೋರ್ಡ್. ಅದು ದುಬಾರಿ ಭಾಗವೂ ಹೌದು. ಹೀಟರಿನ ಲೋಡ್ ತಡೆಯುವಂಥ ಸ್ಟೆಬಿಲೈಸರ್ ಹಾಕಿಸಿ, ಆ ಖರ್ಚನ್ನು ಮಷಿನ್ನಿನ ಬೆಲೆಗೇ ಸೇರಿಸಿ ಲೆಕ್ಕ ಮಾಡಿ. ಗುಡುಗು ಸಿಡಿಲಿನ ಸಂಜೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಮಲೆನಾಡು, ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಗೃಹಜ್ಯೋತಿಯ ಲೆಕ್ಕವನ್ನೂ ನೋಡಿಕೊಳ್ಳಿ. ಬಹುಪಾಲು ಮನೆಗಳಿಗೆ ಉಚಿತ ಸಿಗುವುದು 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ. 10. ನಿಮ್ಮ ಸರಾಸರಿ 60 ಯೂನಿಟ್ ಇದ್ದರೆ ಉಚಿತ 66. ಡಿಶ್‌ವಾಷರ್ ಒಂದು ಸಲ ಓಡಿದರೆ ಸುಮಾರು ಒಂದು ಯೂನಿಟ್ ಎಂದು ಹಿಡಿಯಿರಿ. ದಿನಕ್ಕೊಮ್ಮೆ ಹಾಕಿದರೆ ತಿಂಗಳಿಗೆ 30. ಬಳಕೆ 60ರಿಂದ 90ಕ್ಕೆ ಏರುತ್ತದೆ, 66ರ ಮೇಲಿನ 24 ಯೂನಿಟ್ಟಿಗೆ ನೀವೇ ದುಡ್ಡು ಕಟ್ಟಬೇಕು. ಯೂನಿಟ್ಟಿಗೆ ಆರು ರೂಪಾಯಿಯ ಆಸುಪಾಸು ಹಿಡಿದರೆ ನೂರೈವತ್ತು ರೂಪಾಯಿ. ಇದು ದೊಡ್ಡ ಹೊರೆಯಲ್ಲ. ಆದರೆ ಈಗಾಗಲೇ 180, 190 ಬಳಸುವ ದೊಡ್ಡ ಮನೆ 200 ದಾಟಿತೋ, ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಬಿಲ್ಲು ತೆಗೆದು ನೋಡಿ, ಆಮೇಲೆ ತೀರ್ಮಾನಿಸಿ.

ಮೂರನೆಯದು ಮೆಕ್ಯಾನಿಕ್

ನನ್ನ ಪ್ರಕಾರ ಮೂರರಲ್ಲಿ ಇದೇ ಮುಖ್ಯ. ಮಿಕ್ಸಿ ಕೆಟ್ಟರೆ ಸಂತೆಯ ದಿನ ಚೀಲದಲ್ಲಿ ಹಾಕಿಕೊಂಡು ಪೇಟೆಗೆ ಹೋಗಬಹುದು. ದೊಡ್ಡ ಡಿಶ್‌ವಾಷರ್ 45, 50 ಕಿಲೊ ತೂಗುತ್ತದೆ. ಮೆಕ್ಯಾನಿಕ್ಕೇ ಮನೆಗೆ ಬರಬೇಕು. ವಾಷಿಂಗ್ ಮಷಿನ್ ರಿಪೇರಿ ಮಾಡುವವರು ಈಗ ತಾಲೂಕು ಕೇಂದ್ರಗಳಲ್ಲಿ ಸಿಗುತ್ತಾರೆ. ಡಿಶ್‌ವಾಷರ್ ಕೈಯಲ್ಲಿ ಬಿಚ್ಚಿದವರು ಕಡಿಮೆ.

ಆನ್‌ಲೈನಿನಲ್ಲಿ ನಿಮ್ಮ ಪಿನ್‌ಕೋಡಿಗೆ ಡೆಲಿವರಿ ಇದೆ ಎಂದ ಮಾತ್ರಕ್ಕೆ ಸರ್ವೀಸ್ ಇದೆ ಎಂದು ಅರ್ಥವಲ್ಲ. ದುಡ್ಡು ಕಟ್ಟುವ ಮೊದಲು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, ಮೂರು ಪ್ರಶ್ನೆ ಕೇಳಿ. ನಮ್ಮ ಊರಿಗೆ ಯಾವ ಸರ್ವೀಸ್ ಸೆಂಟರಿನಿಂದ ಬರುತ್ತಾರೆ? ವಾರಂಟಿ ಇರುವಾಗಲೂ ದೂರದ ಚಾರ್ಜ್ ಕೇಳುತ್ತಾರೆಯೇ? ವಾರಂಟಿ ಮುಗಿದ ಮೇಲೆ ಬೋರ್ಡಿಗೆಷ್ಟು, ಪಂಪಿಗೆಷ್ಟು? ಉತ್ತರ ತಡವರಿಸಿದರೆ ಆ ಕಂಪನಿ ಎಷ್ಟೇ ದೊಡ್ಡದಿದ್ದರೂ ನಿಮ್ಮ ಊರಿಗೆ ಅದು ಒಳ್ಳೆಯ ಕಂಪನಿಯಲ್ಲ. ತಾಲೂಕಿನಲ್ಲಿ ಮೆಕ್ಯಾನಿಕ್ ಇರುವ ಸಾಧಾರಣ ಮಷಿನ್, ಬೆಂಗಳೂರಿನಲ್ಲಿ ಮಾತ್ರ ಮೆಕ್ಯಾನಿಕ್ ಇರುವ ಭಾರಿ ಮಷಿನ್ನಿಗಿಂತ ಹೆಚ್ಚು ಬಾಳುತ್ತದೆ.

ಸಾಧ್ಯವಾದರೆ ಹತ್ತಿರದ ಪೇಟೆಯ ಅಂಗಡಿಯಲ್ಲೇ ಕೊಳ್ಳಿ. ಸಾವಿರ ಎರಡು ಸಾವಿರ ಹೆಚ್ಚಾದರೂ ಕೆಟ್ಟಾಗ ಹೋಗಿ ಕೇಳಲು ಒಬ್ಬರು ಇರುತ್ತಾರೆ. ಬಿಲ್ಲನ್ನೂ ವಾರಂಟಿ ಕಾರ್ಡನ್ನೂ ಫೋಟೊ ತೆಗೆದಿಡಿ. ಕಂಪನಿ ಸ್ಪಂದಿಸದಿದ್ದರೆ 1915ಕ್ಕೆ ಕರೆ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಐದು ಲಕ್ಷದ ಒಳಗಿನ ವಸ್ತುವಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ತೊಂದರೆ ಆದ ಎರಡು ವರ್ಷದೊಳಗೆ ದೂರು ಕೊಡಬೇಕು.

ನಮ್ಮ ಪಾತ್ರೆ, ಅವರ ಮಷಿನ್

ಡಬ್ಬದ ಮೇಲೆ 13 ಪ್ಲೇಸ್ ಸೆಟ್ಟಿಂಗ್ ಎಂದು ಬರೆದಿರುತ್ತದೆ. ಹದಿಮೂರು ಜನರ ಊಟದ ಸಾಮಾನು ಹಿಡಿಸುತ್ತದೆ ಎಂದು ಅದರ ಅರ್ಥ. ಆ ಅಳತೆ ಹುಟ್ಟಿದ್ದು ಚಪ್ಪಟೆ ಪ್ಲೇಟು, ಕಪ್ಪು, ಚಮಚಗಳ ಊಟದ ಲೆಕ್ಕದಲ್ಲಿ. ನಮ್ಮ ಸಾರಿನ ತಪ್ಪಲೆ, ಕುಕ್ಕರು, ಬಾಣಲೆ ಇಟ್ಟರೆ ಅರ್ಧ ಜಾಗ ಹೋಯಿತು. ಅಂಗಡಿಗೆ ಹೋಗುವಾಗ ನಿಮ್ಮ ದಿನದ ಅತಿ ದೊಡ್ಡ ಪಾತ್ರೆಯನ್ನೇ ಒಯ್ಯಿರಿ. ಒಳಗಿಟ್ಟು ನೋಡಿ. ನಾಚಿಕೆ ಬೇಡ, ದುಡ್ಡು ನಿಮ್ಮದು.

ಸ್ಟೀಲ್ ಪಾತ್ರೆ, ಗಾಜು, ಪಿಂಗಾಣಿ ಧಾರಾಳವಾಗಿ ಹಾಕಬಹುದು. ಅಲ್ಯುಮಿನಿಯಂ ಕಪ್ಪಾಗುತ್ತದೆ. ಕಬ್ಬಿಣದ ಕಾವಲಿಯ ಎಣ್ಣೆಯ ಪದರ ಹೋಗಿ ತುಕ್ಕು ಹಿಡಿಯುತ್ತದೆ. ಹಿತ್ತಾಳೆ, ತಾಮ್ರ, ಮಣ್ಣಿನ ಪಾತ್ರೆ, ಮರದ ಸೌಟು ಬೇಡ. ಸೌದೆ ಒಲೆಯ ಮಸಿ ಹಿಡಿದ ಪಾತ್ರೆಯೂ ಬೇಡ, ಆ ಮಸಿ ಉಳಿದ ಪಾತ್ರೆಗಳಿಗೆಲ್ಲ ಮೆತ್ತುತ್ತದೆ. ನಿಮ್ಮ ಅಡುಗೆಮನೆಯಲ್ಲಿ ಇವೇ ಹೆಚ್ಚಿದ್ದರೆ ಮಷಿನ್ ತಂದರೂ ಕೈಕೆಲಸ ಅಷ್ಟೇ ಉಳಿಯುತ್ತದೆ.

ಕಲಗಚ್ಚಿನ ಮಾತೂ ಇದೆ. ದನ ಇರುವ ಮನೆಯಲ್ಲಿ ಪಾತ್ರೆಯ ಮೊದಲ ನೀರು ಹಟ್ಟಿಗೆ ಹೋಗುತ್ತದೆ. ಮಷಿನ್ನಿನ ನೀರಿನಲ್ಲಿ ಡಿಟರ್ಜೆಂಟ್, ಉಪ್ಪು ಎರಡೂ ಇರುತ್ತವೆ, ಅದನ್ನು ದನಕ್ಕೂ ಕೊಡುವಂತಿಲ್ಲ, ತರಕಾರಿ ಮಡಿಗೂ ಬಿಡುವಂತಿಲ್ಲ. ಅನ್ನ, ಸಾರು ಉಳಿದದ್ದನ್ನು ಮೊದಲೇ ಬಕೆಟ್ಟಿಗೆ ಗೋರಿ ಹಾಕಿ, ಸ್ವಲ್ಪ ನೀರು ಆಡಿಸಿ ಹಟ್ಟಿಗೆ ಕೊಡಿ. ದನಕ್ಕೂ ಸಿಕ್ಕಿತು, ಮಷಿನ್ನಿನ ಫಿಲ್ಟರಿಗೂ ಒಳ್ಳೆಯದು. ನಿಂಬೆಬೀಜ, ಕರಿಬೇವಿನ ಕಡ್ಡಿ ಪಂಪಿಗೆ ಸಿಕ್ಕಿಕೊಂಡು ನಿಲ್ಲುವ ಮಷಿನ್‌ಗಳೂ ಇವೆ. ವಾರಕ್ಕೊಮ್ಮೆ ಫಿಲ್ಟರ್ ಬಿಚ್ಚಿ ತೊಳೆಯಿರಿ. ಕೈಯಲ್ಲಿ ಪಾತ್ರೆ ಉಜ್ಜುವ ಸೋಪು, ಲಿಕ್ವಿಡ್ ಹಾಕಬೇಡಿ, ನೊರೆ ಉಕ್ಕಿ ನೆಲಕ್ಕೆ ಬರುತ್ತದೆ. ಇಲಿ ಇರುವ ಮನೆಯಾದರೆ ಪೈಪು ಬರುವ ಸಂದಿಗೆ ಜಾಲರಿ ಹೊಡೆಸಿ. ಇಲಿ ಕಡಿದ ಪೈಪಿಗೆ ವಾರಂಟಿ ಸಿಗುವುದು ಕಷ್ಟ.

ಮಷಿನ್ನಿನೊಳಗೆ ಏನು ನೋಡಬೇಕು ಎಂದರೆ, ಒಳತೊಟ್ಟಿ ತಳದ ತನಕ ಸ್ಟೀಲಿನದೇ ಇರಲಿ. ಮೇಲಿನ ತಟ್ಟಿ ಎತ್ತರ ತಗ್ಗು ಮಾಡುವಂತಿರಲಿ. ಕರೆಂಟು ಹೋಗಿ ಬಂದರೆ ನಿಂತಲ್ಲಿಂದ ಮುಂದುವರಿಯುವಂತಿರಲಿ. ಫೋನಿನಿಂದ ಓಡಿಸುವ ವೈಫೈ ಸೌಕರ್ಯಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಪಾತ್ರೆ ಜೋಡಿಸಲು ಹೇಗೂ ಎದ್ದು ಹೋಗಲೇಬೇಕು.

ಈಗಲೇ ಬೇಡ ಎನ್ನುವವರಿಗೆ

ಇಷ್ಟೆಲ್ಲ ನೋಡಿದ ಮೇಲೆ ಕೆಲವರಿಗೆ ಉತ್ತರ "ಸದ್ಯ ಬೇಡ" ಎಂದೇ ಬರಬಹುದು. ನೀರು ಸವುಳು, ವೋಲ್ಟೇಜ್ ಇಲ್ಲ, ಮೆಕ್ಯಾನಿಕ್ ನೂರು ಕಿಲೊಮೀಟರ್ ದೂರ. ಇದರಲ್ಲಿ ಎರಡು ಇಲ್ಲದಿದ್ದರೂ ನಾನು ಬೇಡ ಎಂದೇ ಹೇಳುತ್ತೇನೆ.

ಆದರೆ ಅಲ್ಲಿಗೇ ಮಾತು ಮುಗಿಸಬೇಡಿ. ಮಷಿನ್ನಿಗೆಂದು ಎತ್ತಿಟ್ಟ ದುಡ್ಡಿನ ಒಂದು ಭಾಗದಲ್ಲೇ ಹಿತ್ತಿಲಿಗೊಂದು ಮಾಡು, ಸೊಂಟದ ಎತ್ತರಕ್ಕೆ ಕಟ್ಟೆ, ಅಗಲವಾದ ಎರಡು ಸಿಂಕು, ಮೇಲಿಂದ ನೀರು ಬರುವ ನಲ್ಲಿ, ರಾತ್ರಿಗೊಂದು ಒಳ್ಳೆಯ ಬಲ್ಬು ಆಗುತ್ತದೆ. ಕೂತು ಉಜ್ಜುವುದು ತಪ್ಪಿದರೆ ಮೊಣಕಾಲು, ಸೊಂಟಕ್ಕೆ ದೊಡ್ಡ ನೆಮ್ಮದಿ. ಈ ಕಟ್ಟೆ ಮೂವತ್ತು ವರ್ಷ ಬಾಳುತ್ತದೆ. ಇದಕ್ಕೆ ಸಾಫ್ಟ್‌ನರ್ ಬೇಡ, ಊರಿನ ಗಾರೆಯವರೇ ಇದರ ಮೆಕ್ಯಾನಿಕ್. ಮುಂದೆ ಮಷಿನ್ ತಂದರೂ ಅದೇ ನಲ್ಲಿ, ಅದೇ ಚರಂಡಿ ಉಪಯೋಗಕ್ಕೆ ಬರುತ್ತದೆ.

ಮಷಿನ್ ತಂದವರಿಗೂ ಒಂದು ಮಾತು. ಪಾತ್ರೆ ಗೋರುವುದು, ಜೋಡಿಸುವುದು, ತೆಗೆದು ಒರೆಸಿ ಇಡುವುದು, ಫಿಲ್ಟರ್ ತೊಳೆಯುವುದು, ಇಷ್ಟು ಕೆಲಸ ಮನುಷ್ಯರಿಗೇ ಉಳಿಯುತ್ತದೆ. ಇದಕ್ಕೆ ಕಷ್ಟದ ವಿದ್ಯೆ ಏನೂ ಬೇಡ. ಉಂಡ ತಟ್ಟೆಯನ್ನು ಗೋರಿ ಮಷಿನ್ನಿನೊಳಗೆ ಇಡಲು ಮನೆಯ ಯಜಮಾನರಿಗೂ ಬರುತ್ತದೆ, ಹೈಸ್ಕೂಲಿಗೆ ಹೋಗುವ ಮಗನಿಗೂ ಬರುತ್ತದೆ. ನಾಲ್ಕು ಜನ ಉಂಡ ತಟ್ಟೆಗಳನ್ನು ಮತ್ತೆ ಒಬ್ಬಳೇ ಒಯ್ದು ಇಡಬೇಕು ಎಂದಾದರೆ 40,000 ರೂಪಾಯಿ ಕೊಟ್ಟು ನಾವು ಬದಲಾಯಿಸಿದ್ದು ಪಾತ್ರೆ ತೊಳೆಯುವ ಜಾಗವನ್ನು ಮಾತ್ರ.

ಈ ವಾರ ಒಂದು ಕೆಲಸ ಮಾಡಿ. ಪಂಚಾಯಿತಿಯಲ್ಲಿ ನಿಮ್ಮ ನೀರಿನ ಗಡಸುತನ ಪರೀಕ್ಷೆ ಮಾಡಿಸಿ, ಕರೆಂಟು ಬಿಲ್ಲಿನ ಹಿಂಬದಿಯಲ್ಲಿ ಆ ಅಂಕಿ ಬರೆದಿಡಿ. ಡಿಶ್‌ವಾಷರ್ ಇರಲಿ, ಗೀಸರ್ ಇರಲಿ, ವಾಷಿಂಗ್ ಮಷಿನ್ ಇರಲಿ, ಇನ್ನು ಮುಂದೆ ಏನೇ ಕೊಳ್ಳಲು ಹೋದರೂ ಆ ಅಂಕಿ ನಿಮ್ಮ ಕೈಯಲ್ಲಿರಲಿ. ಕಂಪನಿಯ ಹೆಸರನ್ನು ಆಮೇಲೆ ಕೇಳಿದರಾಯಿತು.